ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕ ಲೆಕ್ಕದ ಪುಸ್ತಕ

ಪ್ರಶ್ನೆ: ನಮಸ್ಕಾರ ಸರ್. ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಮುತ್ತಜ್ಜನ ಟ್ರಂಕಿನಲ್ಲಿ ಇಂಗ್ಲಿಷಿನ ಒಂದು ಹಳೇ ಅಂಕಗಣಿತದ ಪುಸ್ತಕ ಸಿಕ್ಕಿತು. ಮೊದಲ ಪುಟ ಅರ್ಧ ಹರಿದಿದೆ. ಉಳಿದ ಅರ್ಧದಲ್ಲಿ ‘ಕೊಲೆನ್ಸೊ, ನೇಟಾಲಿನ ಬಿಷಪ್’ ಅಂತ ಓದಲು ಬರುತ್ತದೆ. ಬಿಷಪ್ ಆದವರು ಲೆಕ್ಕದ ಪುಸ್ತಕ ಯಾಕೆ ಬರೆದರು? ಗಾಂಧೀಜಿ ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಜಾಗದ ಹೆಸರೂ ಕೊಲೆನ್ಸೊ ಅಂತ ಎಲ್ಲೋ ಓದಿದ ನೆನಪು. ಎರಡಕ್ಕೂ ಸಂಬಂಧ ಇದೆಯಾ? ಪುಸ್ತಕ ಇಟ್ಟುಕೊಳ್ಳಬೇಕಾ, ರದ್ದಿಗೆ ಹಾಕಬಹುದಾ?

ಉತ್ತರ: ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಕಾಲದಲ್ಲಿ ಇಂಗ್ಲೆಂಡಿನ ಉದ್ದಗಲಕ್ಕೂ ಶಾಲೆಗಳಲ್ಲಿ ನಡೆಯುತ್ತಿದ್ದ ಪಠ್ಯಪುಸ್ತಕ ಅದು. ಬರೆದವರು ಜಾನ್ ವಿಲಿಯಂ ಕೊಲೆನ್ಸೊ. ಮೊದಲು ಗಣಿತದ ಮೇಷ್ಟ್ರು, ಆಮೇಲೆ ಹಳ್ಳಿಯ ಪಾದ್ರಿ, ಕೊನೆಗೆ ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿ ಬಿಷಪ್.

ನಿಮ್ಮ ನೆನಪು ಸರಿಯಾಗಿದೆ. ಟುಗೆಲಾ ನದಿಯ ದಡದ ಆ ಊರಿಗೆ ಇಟ್ಟದ್ದು ಇವರದೇ ಹೆಸರು. 1899ರ ಡಿಸೆಂಬರ್ 15ರಂದು ಅಲ್ಲಿ ಬೋಯರರ, ಅಂದರೆ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರ, ಕೈಯಲ್ಲಿ ಬ್ರಿಟಿಷ್ ಸೈನ್ಯ ಸೋತಿತು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಸಾಗಿಸಿದವರಲ್ಲಿ ಗಾಂಧೀಜಿ ಕಟ್ಟಿದ ಭಾರತೀಯರ ಆಂಬುಲೆನ್ಸ್ ದಳವೂ ಇತ್ತು. ಆ ಹೊತ್ತಿಗೆ ಬಿಷಪ್ಪರು ತೀರಿಹೋಗಿ ಹದಿನಾರು ವರ್ಷವಾಗಿತ್ತು. ಗಾಂಧೀಜಿ ನೇಟಾಲಿಗೆ ಕಾಲಿಟ್ಟದ್ದೇ 1893ರಲ್ಲಿ. ಹಾಗಾಗಿ ಇಬ್ಬರೂ ಭೇಟಿಯಾದವರಲ್ಲ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು. ಹಳೇ ಕಾಲದ ಲೆಕ್ಕದ ಮೇಷ್ಟ್ರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ ಇದೆ. ಅವರಲ್ಲಿ ಕೊಲೆನ್ಸೊ ಅಂದರೆ ನನಗೆ ವಿಶೇಷ ಗೌರವ. ಉತ್ತರ ಬಂದರೆ ಸಾಲದು, ತಾಳೆ ನೋಡು ಅಂತ ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಇವರು ಅದನ್ನು ತಮ್ಮ ಧರ್ಮಗ್ರಂಥದ ಮೇಲೂ ಮಾಡಿ ನೋಡಿದರು. ಆಮೇಲೆ ತಮ್ಮದೇ ಸರ್ಕಾರದ ಮಾತಿನ ಮೇಲೂ ಮಾಡಿದರು. ಎರಡು ಕಡೆಯೂ ಪೆಟ್ಟು ತಿಂದರು. ಆದರೂ ಬಿಡಲಿಲ್ಲ.

ಮೊದಲು ನಿಮ್ಮ ಪ್ರಶ್ನೆಗೇ ಬರುತ್ತೇನೆ. ಬಿಷಪ್ ಲೆಕ್ಕದ ಪುಸ್ತಕ ಬರೆದದ್ದಲ್ಲ, ಲೆಕ್ಕದ ಪುಸ್ತಕ ಬರೆದವರು ಆಮೇಲೆ ಬಿಷಪ್ ಆದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ವಿಚಿತ್ರವೇನಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜಿನ ಕಾಲೇಜುಗಳಲ್ಲಿ ‘ಫೆಲೊ’, ಅಂದರೆ ಕಾಲೇಜಿನ ಸಂಬಳ ಪಡೆಯುವ ವಿದ್ವಾಂಸ, ಆಗಿ ಉಳಿಯಬೇಕಾದರೆ ಹೆಚ್ಚಿನವರು ಪಾದ್ರಿ ದೀಕ್ಷೆ ತೆಗೆದುಕೊಳ್ಳಲೇಬೇಕಿತ್ತು. ಮದುವೆಯನ್ನೂ ಆಗುವಂತಿರಲಿಲ್ಲ. ಮದುವೆಯಾದರೆ ಕೆಲಸ ಹೋಯಿತು. ಆಗ ಕಾಲೇಜಿನ ಕೈಯಲ್ಲಿದ್ದ ಯಾವುದಾದರೂ ಹಳ್ಳಿಯ ಚರ್ಚನ್ನು ಅವರಿಗೆ ಕೊಡುತ್ತಿದ್ದರು. ಮನೆ ಇರುತ್ತಿತ್ತು, ಆದಾಯ ಇರುತ್ತಿತ್ತು, ಭಾನುವಾರ ಪ್ರಾರ್ಥನೆ ನಡೆಸಿದರೆ ಉಳಿದ ದಿನ ಓದಿಕೊಂಡಿರಬಹುದಿತ್ತು. ಹಾಗಾಗಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಗಣಿತದ ಪುಸ್ತಕ ಬರೆದ ಪಾದ್ರಿಗಳು ಬೇಕಾದಷ್ಟು ಜನ ಸಿಗುತ್ತಾರೆ.

ಕೊಲೆನ್ಸೊ ಹುಟ್ಟಿದ್ದು 1814ರ ಜನವರಿ 24ರಂದು, ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲಿನ ಸೇಂಟ್ ಆಸ್ಟೆಲ್‌ನಲ್ಲಿ. ಅದು ತವರದ ಗಣಿಗಳ ಸೀಮೆ. ತಂದೆ ಗಣಿಯಲ್ಲಿ ದುಡ್ಡು ಹಾಕಿದ್ದರು. ಸಮುದ್ರದ ನೀರು ನುಗ್ಗಿ ಗಣಿ ಹಾಳಾಯಿತು, ದುಡ್ಡೂ ಮುಳುಗಿತು. ಹುಡುಗ ಓದಬೇಕಾದ ವಯಸ್ಸಿನಲ್ಲಿ ಒಂದು ಶಾಲೆಯಲ್ಲಿ ಸಹಾಯಕ ಮೇಷ್ಟ್ರಾಗಿ ದುಡಿದರು. 1832ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜು ಸೇರಿದ್ದು ‘ಸೈಜರ್’ ಆಗಿ. ಬಡ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ, ಊಟದಲ್ಲಿ ರಿಯಾಯಿತಿ ಕೊಡುವ ವ್ಯವಸ್ಥೆ ಅದು. ನಮ್ಮಲ್ಲಿ ವಾರಾನ್ನ ಮಾಡಿಕೊಂಡು ಓದಿದವರ ಕಥೆ ಕೇಳಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಪಾಡು.

1836ರ ಗಣಿತದ ಪರೀಕ್ಷೆಯಲ್ಲಿ ಕೊಲೆನ್ಸೊ ಸೆಕೆಂಡ್ ರ್ಯಾಂಗ್ಲರ್ ಆದರು. ಕೇಂಬ್ರಿಡ್ಜಿನಲ್ಲಿ ಗಣಿತದಲ್ಲಿ ಮೊದಲ ದರ್ಜೆ ಬಂದವರಿಗೆ ರ್ಯಾಂಗ್ಲರ್ ಅನ್ನುತ್ತಾರೆ. ಧಾರವಾಡದ ಕಡೆಯವರಿಗೆ ಇದು ಹೊಸ ಮಾತಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರನ್ನು ಹಿರಿಯರು ಈಗಲೂ ‘ರ್ಯಾಂಗ್ಲರ್ ಪಾವಟೆ’ ಅಂತಲೇ ನೆನೆಯುತ್ತಾರೆ. ಕೊಲೆನ್ಸೊ ಆ ವರ್ಷ ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವರು. ಮರುವರ್ಷವೇ ಫೆಲೊ ಆದರು.

ಆಮೇಲೆ ಹ್ಯಾರೋ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದರು. ಹ್ಯಾರೋ ಅಂದರೆ ಶ್ರೀಮಂತರ ಮಕ್ಕಳು ಓದುವ ದೊಡ್ಡ ಹೆಸರಿನ ಶಾಲೆ. ಆದರೆ ಇವರು ಹೋದ ಹೊತ್ತಿಗೆ ಶಾಲೆಯ ಸ್ಥಿತಿ ಇಳಿದಿತ್ತು, ಹುಡುಗರ ಸಂಖ್ಯೆಯೂ ತೀರ ಕಡಿಮೆಯಾಗಿತ್ತು. ಮೇಲಿಂದ ಮನೆಗೆ ಬೆಂಕಿ ಬಿದ್ದು ಇದ್ದಬದ್ದದ್ದೆಲ್ಲ ಸುಟ್ಟುಹೋಯಿತು. ಹೆಗಲ ಮೇಲೆ ಸಾಲದ ಹೊರೆ ಹೊತ್ತು 1842ರಲ್ಲಿ ಕೇಂಬ್ರಿಡ್ಜಿಗೇ ವಾಪಸ್ ಬಂದರು. ನಿಮ್ಮ ಮುತ್ತಜ್ಜನ ಪುಸ್ತಕ ಹುಟ್ಟಿದ್ದು ಈ ಕಷ್ಟದ ದಿನಗಳಲ್ಲಿ. ಬೀಜಗಣಿತದ ಪುಸ್ತಕ 1841ರಲ್ಲಿ ಬಂತು, ಅಂಕಗಣಿತದ್ದು 1843ರಲ್ಲಿ. ಪಾಠ ಹೇಳಿ, ಪುಸ್ತಕ ಮಾರಿ ಸಾಲ ತೀರಿಸಿಕೊಂಡರು.

ಪುಸ್ತಕ ಅಷ್ಟು ಓಡಿದ್ದು ಯಾಕೆ ಅಂತ ತಿಳಿಯಬೇಕಾದರೆ ಆ ಕಾಲದ ಲೆಕ್ಕ ಎಷ್ಟು ತಲೆನೋವಿನದು ಅಂತ ಗೊತ್ತಾಗಬೇಕು. ಒಂದು ಪೌಂಡಿಗೆ 20 ಶಿಲಿಂಗು, ಒಂದು ಶಿಲಿಂಗಿಗೆ 12 ಪೆನ್ಸು, ಒಂದು ಪೆನ್ನಿಗೆ 4 ಫಾರ್ದಿಂಗು. ಎಲ್ಲೂ ಹತ್ತರ ಲೆಕ್ಕವಿಲ್ಲ. ಒಂದು ಉದಾಹರಣೆ ತಗೊಳ್ಳಿ, ಇದು ನಾನೇ ಮಾಡಿದ್ದು. ಗಜಕ್ಕೆ 3 ಶಿಲಿಂಗು 4 ಪೆನ್ಸಿನಂತೆ 37 ಗಜ ಬಟ್ಟೆಗೆ ಎಷ್ಟಾಯಿತು? ಪೆನ್ಸಿಗೆ ಇಳಿಸಿ ಗುಣಿಸಿದರೆ 1480 ಪೆನ್ಸು. ಅದನ್ನು ಮತ್ತೆ ಶಿಲಿಂಗು ಮಾಡಬೇಕು, ಆಮೇಲೆ ಪೌಂಡು ಮಾಡಬೇಕು. ಜಾಣ ಹುಡುಗ ಹೀಗೆ ಮಾಡುವುದಿಲ್ಲ. 3 ಶಿಲಿಂಗು 4 ಪೆನ್ಸು ಅಂದರೆ ಪೌಂಡಿನ ಆರನೇ ಒಂದು ಪಾಲು. 37ನ್ನು 6ರಿಂದ ಭಾಗಿಸಿದರೆ 6 ಪೌಂಡು, ಮಿಕ್ಕ ಒಂದು ಪೌಂಡಿನ ಆರನೇ ಪಾಲು 3 ಶಿಲಿಂಗು 4 ಪೆನ್ಸು. ಅಷ್ಟೇ, ಲೆಕ್ಕ ಮುಗಿಯಿತು.

ಈ ದಾರಿಗೆ ಅವರು ‘ಪ್ರಾಕ್ಟೀಸ್’ ಅನ್ನುತ್ತಿದ್ದರು. ಆ ಹೆಸರಿನ ಅಧ್ಯಾಯ ಇದೆಯಾ ಅಂತ ನಿಮ್ಮ ಪುಸ್ತಕದಲ್ಲಿ ಹುಡುಕಿ ನೋಡಿ. ರೂಪಾಯಿ, ಆಣೆ, ಪೈಗಳಲ್ಲಿ ಬೆಳೆದ ನಮ್ಮ ಹಿರಿಯರಿಗೂ ಈ ಜಾಣ್ಮೆ ನಾಲಿಗೆ ತುದಿಯಲ್ಲೇ ಇತ್ತು. ಐದಾಣೆ ನಾಲ್ಕು ಪೈ ಅಂದ ಕೂಡಲೇ ರೂಪಾಯಿಯ ಮೂರನೇ ಒಂದು ಪಾಲು ಅಂತ ಹೇಳಿಬಿಡುತ್ತಿದ್ದರು. ಇಂಥ ಪುಸ್ತಕ ನಿಮ್ಮ ಮುತ್ತಜ್ಜನಿಗೆ ಪರಕೀಯ ಅನಿಸಿರಲಾರದು. ನಾಣ್ಯದ ಹೆಸರು ಬೇರೆ ಆದರೂ, ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿ ಎರಡೂ ಕಡೆ ಒಂದೇ ಅಲ್ವಾ!

1846ರಲ್ಲಿ ಸಾರಾ ಫ್ರಾನ್ಸಿಸ್ ಬನ್ಯನ್ ಅವರನ್ನು ಮದುವೆಯಾದರು. ಫೆಲೊ ಕೆಲಸ ಹೋಯಿತು. ನಾರ್ಫೋಕ್ ಸೀಮೆಯ ಫಾರ್ನ್‌ಸೆಟ್ ಸೇಂಟ್ ಮೇರಿ ಅನ್ನುವ ಹಳ್ಳಿಯ ಚರ್ಚು ಸಿಕ್ಕಿತು. ಏಳು ವರ್ಷ ಅಲ್ಲಿದ್ದರು. ಹಾಗೇ ಇದ್ದುಬಿಟ್ಟಿದ್ದರೆ ಇವತ್ತು ನಾವು ಅವರ ಬಗ್ಗೆ ಮಾತಾಡುವ ಕಾರಣವೇ ಇರುತ್ತಿರಲಿಲ್ಲ. ಆದರೆ 1853ರ ನವೆಂಬರ್‌ನಲ್ಲಿ ಅವರನ್ನು ನೇಟಾಲಿನ ಮೊದಲ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಬಿಷಪ್ ಮಾಡಿದರು. ಹತ್ತು ವಾರ ಹೋಗಿ ಊರು ನೋಡಿಕೊಂಡು ಬಂದು, 1855ರಲ್ಲಿ ಹೆಂಡತಿ ಮಕ್ಕಳ ಜೊತೆ ಹಡಗು ಹತ್ತಿದರು.

ಪೀಟರ್‌ಮಾರಿಟ್ಜ್‌ಬರ್ಗ್ ಪಟ್ಟಣದ ಹೊರಗೆ ಒಂದು ಮನೆ, ಶಾಲೆ, ಮುದ್ರಣದ ಮನೆ ಕಟ್ಟಿದರು. ಅದರ ಹೆಸರು ‘ಎಕುಖನ್ಯೇನಿ’. ಆ ಸೀಮೆಯ ಆಫ್ರಿಕನ್ ಜನರ ಜುಲು ಭಾಷೆಯಲ್ಲಿ ಬೆಳಕಿನ ಜಾಗ ಅಂತ ಅರ್ಥ. ಹೋದ ದಿನದಿಂದ ಜುಲು ಕಲಿಯುವುದಕ್ಕೆ ಕೂತರು. 1855ರಲ್ಲೇ ವ್ಯಾಕರಣ ಬಂತು, 1861ರಲ್ಲಿ ಜುಲು-ಇಂಗ್ಲಿಷ್ ನಿಘಂಟು ಬಂತು. ನಮ್ಮ ಕಿಟೆಲ್ ಅವರನ್ನು ನೆನಪು ಮಾಡಿಕೊಂಡರೆ ಈ ಕೆಲಸದ ತೂಕ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಜುಲು ಜನ ಇವರನ್ನು ‘ಸೊಬಾಂಟು’ ಅಂತ ಕರೆದರು. ಜನರ ತಂದೆ ಅಂತ ಅದರ ಅರ್ಥ.

ಬಿಳಿಯ ಪಾದ್ರಿಗಳಿಗೆ ಇವರ ರೀತಿ ಮೊದಲಿನಿಂದಲೂ ಸರಿಬರಲಿಲ್ಲ. ಒಬ್ಬ ಜುಲು ಗಂಡಸಿಗೆ ಇಬ್ಬರು ಮೂವರು ಹೆಂಡತಿಯರಿದ್ದರೆ, ಕ್ರೈಸ್ತನಾಗಲು ಒಬ್ಬಳನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕು ಅನ್ನುವುದು ಬೇರೆ ಪಾದ್ರಿಗಳ ನಿಯಮ. ಕೊಲೆನ್ಸೊ ಒಪ್ಪಲಿಲ್ಲ. ನಂಬಿಕೊಂಡು ಬಂದ ಹೆಣ್ಣುಮಗಳನ್ನು, ಅವಳ ಮಕ್ಕಳನ್ನು ಬೀದಿಗೆ ಬಿಡುವುದು ಯಾವ ಧರ್ಮ ಅನ್ನುವುದು ಅವರ ವಾದ.

ಅವರ ಬದುಕು ತಿರುಗಿದ್ದು ಭಾಷಾಂತರದ ಮೇಜಿನ ಮುಂದೆ. ಬೈಬಲನ್ನು ಜುಲುವಿಗೆ ತರುವ ಕೆಲಸ ನಡೆಯುತ್ತಿತ್ತು. ಜೊತೆಗೆ ಕೂತವರು ವಿಲಿಯಂ ಎನ್ಗಿಡಿ ಅನ್ನುವ ಜುಲು ಶಿಕ್ಷಕ. ಆದಿಕಾಂಡದ ಜಲಪ್ರಳಯದ ಕಥೆಗೆ ಬಂದಾಗ ಎನ್ಗಿಡಿ ತಲೆ ಎತ್ತಿ ಕೇಳಿದರು: ಇದೆಲ್ಲ ನಿಜವಾ? ಬಿಸಿ ಸೀಮೆಯವು, ಚಳಿ ಸೀಮೆಯವು, ಎಲ್ಲ ಪ್ರಾಣಿ ಪಕ್ಷಿಗಳೂ ಜೋಡಿಜೋಡಿಯಾಗಿ ಬಂದು ನೋಹನ ನಾವೆ ಹತ್ತಿದವಾ? ಅಷ್ಟಕ್ಕೂ ನೋಹ ಮೇವು ಹೊಂದಿಸಿದನಾ, ಮಾಂಸ ತಿನ್ನುವ ಪ್ರಾಣಿಗಳಿಗೂ?

ಈ ಪ್ರಸಂಗವನ್ನು ಕೊಲೆನ್ಸೊ ಅವರೇ ಬರೆದಿದ್ದಾರೆ. ಬೇರೆಯವರಾಗಿದ್ದರೆ ದೇವರ ಮಹಿಮೆ ಅಂತ ಹೇಳಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಕೊಲೆನ್ಸೊ ಆಗ ಚಾರ್ಲ್ಸ್ ಲಯಲ್ ಅವರ ಭೂವಿಜ್ಞಾನ ಓದಿಕೊಂಡಿದ್ದರು. ಫ್ರಾನ್ಸಿನ ಓವರ್ನ್ಯ ಸೀಮೆಯಲ್ಲಿ ಹಳೇ ಜ್ವಾಲಾಮುಖಿಗಳ ಗುಡ್ಡಗಳಿವೆ. ಅವುಗಳ ಮೇಲೆ ಹಗುರವಾದ ಬೂದಿ, ನೊರೆಗಲ್ಲು ಹಾಗೇ ಸಡಿಲವಾಗಿ ಕೂತಿದೆ. ಇಡೀ ಭೂಮಿ ನೀರಲ್ಲಿ ಮುಳುಗಿದ್ದರೆ ಅದು ಕೊಚ್ಚಿಹೋಗಿರಬೇಕಿತ್ತು. ಇದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೌದು ಅನ್ನುವುದು ಹೇಗೆ? ದೇವರ ಹೆಸರಿನಲ್ಲಿ ಸುಳ್ಳು ಹೇಳಬಹುದೇ ಅನ್ನುವ ಜೆಕರ್ಯ ಪ್ರವಾದಿಯ ಮಾತು ಮನಸ್ಸಿಗೆ ಬಂತಂತೆ. ಹೌದು ಅನ್ನಲು ಅವರಿಗೆ ಧೈರ್ಯ ಬರಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಪ್ರಸಂಗ ಬರೆಯುವಾಗ ಕೊಲೆನ್ಸೊ ಎನ್ಗಿಡಿಯವರ ಹೆಸರು ಹೇಳದೆ, ಮಗುವಿನಂಥ ವಿಧೇಯತೆ ಇರುವ ಒಬ್ಬ ನಾಡಿಗ ಅಂತ ಬರೆದರು. ವಿಚಾರಶಕ್ತಿ ಮಾತ್ರ ಬಲಿತ ಮನುಷ್ಯನದು ಅಂತ ಒಪ್ಪಿಕೊಂಡರು. ಕಲಿಸಲು ಬಂದವರ ಧೋರಣೆ ಅವರಲ್ಲೂ ಇತ್ತು. ಆದರೆ ಇಂಗ್ಲೆಂಡನ್ನೇ ಅಲ್ಲಾಡಿಸಿದ ಒಂದು ಪುಸ್ತಕದ ಬೀಜ ಜುಲು ಮೇಷ್ಟ್ರೊಬ್ಬರ ಪ್ರಶ್ನೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಕೊಲೆನ್ಸೊ ತಮಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಮಾಡಿದರು. ಬೈಬಲಿನ ಮೊದಲಿಗೆ ಬರುವ ಮೋಶೆಯ ಐದು ಪುಸ್ತಕಗಳನ್ನೂ ಯೆಹೋಶುವನ ಪುಸ್ತಕವನ್ನೂ ಮುಂದಿಟ್ಟುಕೊಂಡು ಅಲ್ಲಿರುವ ಸಂಖ್ಯೆಗಳನ್ನೆಲ್ಲ ಲೆಕ್ಕ ಹಾಕಿದರು. ಇದರ ಮೊದಲ ಭಾಗ 1862ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಎರಡು ಲೆಕ್ಕ ನೋಡೋಣ. ಐಗುಪ್ತದಿಂದ (ಈಜಿಪ್ಟಿನಿಂದ) ಹೊರಟ ಇಸ್ರಾಯೇಲ್ಯರಲ್ಲಿ 20 ವರ್ಷ ದಾಟಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರು 6,03,550 ಅಂತ ಅರಣ್ಯಕಾಂಡ ಹೇಳುತ್ತದೆ. ಯಾಜಕಕಾಂಡದಲ್ಲಿ ಇಡೀ ಸಭೆ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಸೇರಿತು ಅಂತ ಇದೆ. ಗುಡಾರದ ಅಗಲ ಹತ್ತು ಮೊಳ, ಅಂದರೆ ಸುಮಾರು 18 ಅಡಿ. ಒಬ್ಬರಿಗೆ 2 ಅಡಿ ಜಾಗ ಅಂದರೆ ಒಂದು ಸಾಲಿಗೆ 9 ಜನ. ಸಾಲಿಗೂ ಸಾಲಿಗೂ ನಡುವೆ ಒಂದೂವರೆ ಅಡಿ ಬಿಡಿ. ಹೆಂಗಸರು, ಮಕ್ಕಳು, ಮುದುಕರನ್ನು ಬಿಟ್ಟು ಬರೀ ಆ ಗಂಡಸರು ನಿಂತರೂ ಸಾಲು 1,00,000 ಅಡಿ ದಾಟುತ್ತದೆ. ಸುಮಾರು 30 ಕಿಲೋಮೀಟರ್! ಬೇಕಾದರೆ ನೀವೇ ಪೆನ್ಸಿಲ್ ಹಿಡಿದು ಮಾಡಿ ನೋಡಿ. 6,03,550ನ್ನು 9ರಿಂದ ಭಾಗಿಸಿ, ಒಂದೂವರೆಯಿಂದ ಗುಣಿಸಿದರೆ ಆಯಿತು.

ಎರಡನೆಯದು ಇನ್ನೂ ಸರಳ. ಅದೇ ಅರಣ್ಯಕಾಂಡದಲ್ಲಿ ಚೊಚ್ಚಲ ಗಂಡುಮಕ್ಕಳ ಎಣಿಕೆ ಇದೆ, 22,273. ದೊಡ್ಡ ಗಂಡಸರೇ ಆರು ಲಕ್ಷ ಇದ್ದರೆ, ಹುಡುಗರೂ ಸೇರಿ ಗಂಡಸರು ಒಂಬತ್ತು ಲಕ್ಷವಾದರೂ ಇರಬೇಕು. ಒಂಬತ್ತು ಲಕ್ಷ ಗಂಡಸರಲ್ಲಿ ಚೊಚ್ಚಲ ಮಗ ಬರೀ ಇಪ್ಪತ್ತೆರಡು ಸಾವಿರ ಅಂದರೆ, ಒಬ್ಬೊಬ್ಬ ತಾಯಿಗೂ ಸರಾಸರಿ 40 ಗಂಡುಮಕ್ಕಳು ಹುಟ್ಟಿರಬೇಕಾಗುತ್ತದೆ.

ಏಳನೇ ಕ್ಲಾಸಿನ ಮಗುವೂ ಮಾಡಬಹುದಾದ ಲೆಕ್ಕ ಇವು. ಹಾಗಾಗಿಯೇ ಅಷ್ಟು ಗದ್ದಲವಾಯಿತು ಅಂತ ನನಗನಿಸುತ್ತದೆ. ಜರ್ಮನಿಯ ಪಂಡಿತರು ಬೈಬಲಿನ ಮೂಲದ ಬಗ್ಗೆ ಎಷ್ಟೋ ವರ್ಷದಿಂದ ಬರೆಯುತ್ತಿದ್ದರು, ಆದರೆ ಅದು ಪಂಡಿತರ ನಡುವಿನ ಮಾತು. ಇಲ್ಲಿ ಒಬ್ಬ ಬಿಷಪ್, ಅದೂ ಮನೆಮನೆಯ ಮಕ್ಕಳಿಗೆ ಲೆಕ್ಕ ಕಲಿಸಿದ ಪುಸ್ತಕದ ಕರ್ತೃ, ಕೂಡಿ ಕಳೆದು ತೋರಿಸಿಬಿಟ್ಟರು. ಅವರ ಉದ್ದೇಶ ನಂಬಿಕೆಯನ್ನು ಕೆಡಿಸುವುದಲ್ಲ. ಈ ಪುಸ್ತಕಗಳು ಅಕ್ಷರಕ್ಕೆ ಅಕ್ಷರ ಇತಿಹಾಸವಲ್ಲ, ಹಾಗಂತ ದೇವರ ಮೇಲಿನ ನಂಬಿಕೆ ಬಿಡಬೇಕಾಗಿಲ್ಲ ಅನ್ನುವುದು ಅವರ ನಿಲುವು. ಕೊನೆಯವರೆಗೂ ಅವರು ಪ್ರಾರ್ಥನೆ ಬಿಡಲಿಲ್ಲ, ಉಪದೇಶ ಬಿಡಲಿಲ್ಲ.

ಎದುರು ವಾದಿಸಿದವರೆಲ್ಲ ಅವಿಚಾರಿಗಳು ಅಂತ ತಿಳಿಯಬೇಡಿ. ಸಂಖ್ಯೆಗಳು ನಕಲು ಮಾಡುವಾಗ ಕೆಟ್ಟಿರಬಹುದು ಅಂದರು ಕೆಲವರು. ಸಣ್ಣ ವಿವರ ಹಿಡಿದು ದೊಡ್ಡ ವಿಷಯ ಬಿಟ್ಟಿದ್ದಾರೆ ಅಂದರು ಇನ್ನು ಕೆಲವರು. ಅವರ ಆಪ್ತರಾಗಿದ್ದ, ಅವರು ಗುರುವಿನಂತೆ ಕಂಡಿದ್ದ ಎಫ್.ಡಿ. ಮಾರಿಸ್ ಕೂಡ ದೂರವಾದರು. ಈ ಆಕ್ಷೇಪಗಳಲ್ಲಿ ಸ್ವಲ್ಪ ಹುರುಳಿದೆ. ಮೊದಲ ಭಾಗ ಓದಿದರೆ ಲೆಕ್ಕದ ಮೇಷ್ಟ್ರ ಹಟ ಜಾಸ್ತಿಯೇ ಆಯಿತು ಅನಿಸುತ್ತದೆ. ಆದರೆ ಹಾಲೆಂಡಿನ ದೊಡ್ಡ ವಿದ್ವಾಂಸ ಅಬ್ರಹಾಂ ಕ್ಯುನೆನ್ ಈ ಲೆಕ್ಕಗಳನ್ನು ನೋಡಿ ತಮ್ಮ ಅಭಿಪ್ರಾಯವನ್ನೇ ತಿದ್ದಿಕೊಂಡರು. ಎಲ್ಲಕ್ಕಿಂತ ಹಳೆಯದು ಅಂತ ತಿಳಿದಿದ್ದ ಭಾಗಗಳು ನಿಜಕ್ಕೂ ತಡವಾಗಿ ಬರೆದವು ಅನ್ನುವ ವಿಚಾರಕ್ಕೆ ಅದು ಹಾದಿಯಾಯಿತು. ಕೊಲೆನ್ಸೊ ಏಳನೇ ಮತ್ತು ಕೊನೆಯ ಭಾಗ ಮುಗಿಸಿದ್ದು 1879ರಲ್ಲಿ. ಹದಿನೇಳು ವರ್ಷದ ಕೆಲಸ.

ಚರ್ಚು ಸುಮ್ನೆ ಕೂರಲಿಲ್ಲ. ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ 1863ರಲ್ಲಿ ವಿಚಾರಣೆ ನಡೆಸಿ ಇವರನ್ನು ಪದವಿಯಿಂದ ಇಳಿಸಿದರು. ಕೊಲೆನ್ಸೊ ವಸಾಹತುಗಳ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದರು. 1865ರ ಮಾರ್ಚಿನಲ್ಲಿ ತೀರ್ಪು ಬಂತು: ಇಳಿಸುವ ಅಧಿಕಾರವೇ ಗ್ರೇ ಅವರಿಗಿಲ್ಲ. ಬೈಬಲಿನ ಲೆಕ್ಕ ಸರಿಯೋ ತಪ್ಪೋ ಅಂತ ಕೋರ್ಟು ಹೇಳಲಿಲ್ಲ, ಅಧಿಕಾರದ ಪ್ರಶ್ನೆಯನ್ನಷ್ಟೇ ಬಗೆಹರಿಸಿತು. ಕೊಲೆನ್ಸೊ ನೇಟಾಲಿಗೆ ವಾಪಸ್ ಬಂದ ಮೇಲೆ ಗ್ರೇ ಬಹಿಷ್ಕಾರ ಹಾಕಿದರು. ಸಂಬಳವೂ ನಿಂತಿತು, ಅದಕ್ಕೂ ಕೊಲೆನ್ಸೊ ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. 1869ರಲ್ಲಿ ಇನ್ನೊಬ್ಬ ಬಿಷಪ್ಪರನ್ನೇ ನೇಮಿಸಿದರು. ಒಂದೇ ಪಟ್ಟಣಕ್ಕೆ ಇಬ್ಬರು ಬಿಷಪ್, ಎರಡು ಪಂಗಡ. ಲೋಕದ ಆಂಗ್ಲಿಕನ್ ಬಿಷಪ್ಪರೆಲ್ಲ ಸೇರುವ ಲ್ಯಾಂಬೆತ್ ಸಮ್ಮೇಳನ 1867ರಲ್ಲಿ ಶುರುವಾಗುವುದಕ್ಕೂ ಈ ಜಗಳವೇ ಒಂದು ದೊಡ್ಡ ಕಾರಣ.

ಸಾಮಾನ್ಯವಾಗಿ ಕೊಲೆನ್ಸೊ ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಂದಿನ ಹತ್ತು ವರ್ಷವೇ ಹೆಚ್ಚು ಮುಖ್ಯ. ಧರ್ಮಗ್ರಂಥದ ಗದ್ದಲದಲ್ಲಿ ನೇಟಾಲಿನ ಬಿಳಿಯರು ಎಷ್ಟೋ ಜನ ಅವರ ಪರ ಇದ್ದರು. ಅವರನ್ನೂ ಕಳೆದುಕೊಂಡದ್ದು ಈಗ.

1873ರಲ್ಲಿ ಹ್ಲೂಬಿ ಜನರ ಮುಖ್ಯಸ್ಥ ಲಂಗಲಿಬಲೇಲೆಗೆ, ನಿಮ್ಮ ಹುಡುಗರ ಬಂದೂಕುಗಳನ್ನು ತಂದು ನೋಂದಣಿ ಮಾಡಿಸಿ ಅಂತ ಸರ್ಕಾರ ಹೇಳಿಕಳಿಸಿತು. ಕರೆದಾಗ ಆತ ಬರಲಿಲ್ಲ. ಬಂಡಾಯ ಅಂದರು, ಸೈನ್ಯ ಕಳಿಸಿದರು. ಹ್ಲೂಬಿ ಜನರ ಭೂಮಿ, ದನಕರು ಎಲ್ಲ ಕಿತ್ತುಕೊಂಡರು. ಆ ವಿಚಾರಣೆ ಎಂಥದ್ದು ಅಂದರೆ, ಆರೋಪಿಗೆ ವಕೀಲನಿಲ್ಲ, ನ್ಯಾಯಾಧೀಶನ ಕುರ್ಚಿಯಲ್ಲಿ ಕೂತದ್ದು ಸೈನ್ಯ ಕಳಿಸಿದ ಲೆಫ್ಟಿನೆಂಟ್ ಗವರ್ನರ್ ಬೆಂಜಮಿನ್ ಪೈನ್ ಅವರೇ. ಜೀವಾವಧಿ ಶಿಕ್ಷೆ ಕೊಟ್ಟು ರಾಬೆನ್ ದ್ವೀಪಕ್ಕೆ ಸಾಗಿಸಿದರು. ಮುಂದೆ ಮಂಡೇಲಾ ಅವರನ್ನು ಇಟ್ಟದ್ದೂ ಅದೇ ದ್ವೀಪದಲ್ಲಿ.

ಆರೋಪಗಳಲ್ಲಿ ಒಂದು ಹೀಗಿತ್ತು. ಸರ್ಕಾರದ ದೂತ ಮಹೋಯಿಜಾನ ಬಟ್ಟೆ ಬಿಚ್ಚಿಸಿ ಅವಮಾನ ಮಾಡಿದರು. ಆ ದೂತ ಹಾಗೆಂದು ಸಾಕ್ಷಿಯನ್ನೂ ಹೇಳಿದ್ದ. ಕೊಲೆನ್ಸೊ ಆ ಮಾತನ್ನು ಹಾಗೇ ಒಪ್ಪಲಿಲ್ಲ. ಅವರ ಬಳಿ ಅಚ್ಚುಕೆಲಸ ಕಲಿತ ಮಗೇಮಾ ಫುಜೆ ಅನ್ನುವ ಜುಲು ಯುವಕನಿದ್ದರು. ಅಂಥವರ ನೆರವಿನಿಂದ, ಆವತ್ತು ಅಲ್ಲಿದ್ದವರನ್ನು ಹುಡುಕಿ ಒಬ್ಬೊಬ್ಬರನ್ನೇ ಕೇಳಿದರು. ಬಿಚ್ಚಿಸಿದ್ದು ಮೇಲಿನ ಕೋಟುಗಳನ್ನು ಮಾತ್ರ, ಅಂಗಿ ಪ್ಯಾಂಟು ಮೈಮೇಲೇ ಇತ್ತು. ಕೋಟು ಬಿಚ್ಚಿಸಿದ್ದಾದರೂ ಯಾಕೆ? 1858ರಲ್ಲಿ ಇನ್ನೊಬ್ಬ ಮುಖ್ಯಸ್ಥನನ್ನು ಮಾತುಕತೆಗೆ ಅಂತ ಕರೆದು, ಅಡಗಿಸಿಟ್ಟ ಪಿಸ್ತೂಲಿನ ಬಲದಿಂದ ಹಿಡಿಯಲು ಹೊರಟಿದ್ದರು. ಆ ಹೆದರಿಕೆ ಜನರ ಮನಸ್ಸಿನಲ್ಲಿತ್ತು.

1858ರಲ್ಲಿ ಹಾಗೆ ಮಾಡಿದ ಅಧಿಕಾರಿ ಜಾನ್ ಶೆಪ್‌ಸ್ಟೋನ್. ಅವರ ಅಣ್ಣ ಥಿಯೋಫಿಲಸ್ ಶೆಪ್‌ಸ್ಟೋನ್ ಸರ್ಕಾರದಲ್ಲಿ ಆಫ್ರಿಕನ್ನರ ವಿಚಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಕೊಲೆನ್ಸೊ ಅವರಿಗೆ ಇಪ್ಪತ್ತು ವರ್ಷದ ಗೆಳೆಯ. ಬೈಬಲ್ ಗದ್ದಲದಲ್ಲೂ ಪಕ್ಕದಲ್ಲೇ ನಿಂತಿದ್ದವರು. ಲೆಕ್ಕ ತಾಳೆಯಾಗುವುದಿಲ್ಲ ಅಂತ ಹೇಳಿದರೆ ಆ ಗೆಳೆತನ ಮುರಿಯುತ್ತದೆ ಅಂತ ಕೊಲೆನ್ಸೊ ಅವರಿಗೆ ಗೊತ್ತಿತ್ತು. ಆದರೂ ಹೇಳಿದರು. ಗೆಳೆತನ ಮುರಿಯಿತು, ಮತ್ತೆ ಕೂಡಲಿಲ್ಲ.

1874ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಕಾಗದಪತ್ರದ ಕಟ್ಟು ಹಿಡಿದು ಇಂಗ್ಲೆಂಡಿಗೆ ಹಡಗು ಹತ್ತಿದರು. ವಸಾಹತು ಮಂತ್ರಿ ಕಾರ್ನಾರ್ವನ್ ಅವರನ್ನು ಕಂಡು ಎಲ್ಲ ಮುಂದಿಟ್ಟರು. ಪೈನ್ ಅವರನ್ನು ಸರ್ಕಾರ ವಾಪಸ್ ಕರೆಸಿಕೊಂಡಿತು, ಲಂಗಲಿಬಲೇಲೆಯನ್ನು ದ್ವೀಪದಿಂದ ಮುಖ್ಯಭೂಮಿಗೆ ತಂದರು. ಬಿಡುಗಡೆ ಮಾತ್ರ ಆಗಲಿಲ್ಲ. ನೇಟಾಲಿಗೆ ವಾಪಸ್ ಬಂದಾಗ ಬಿಳಿಯರು ಎಷ್ಟೋ ಜನ ಮುಖ ತಿರುಗಿಸಿದರು.

1879ರ ಜನವರಿ 11ರಂದು ಬ್ರಿಟಿಷ್ ಸೈನ್ಯ ಜುಲು ರಾಜ್ಯಕ್ಕೆ ನುಗ್ಗಿತು. ಜನವರಿ 22ರಂದು ಇಸಂಡ್ಲ್ವಾನಾದಲ್ಲಿ ಜುಲು ಸೇನೆ ಅವರನ್ನು ನೆಲಕಚ್ಚಿಸಿತು. ಬ್ರಿಟಿಷರ ಕಡೆ ಸತ್ತವರು ಸುಮಾರು 1,300. ಅವರಲ್ಲಿ ಕೊಲೆನ್ಸೊ ಮನೆಗೆ ತೀರ ಬೇಕಾದವರಾಗಿದ್ದ ಆಂಥನಿ ಡರ್ನ್‌ಫರ್ಡ್ ಕೂಡ ಇದ್ದರು. ನೇಟಾಲಿನ ತುಂಬ ಸೇಡಿನ ಮಾತು. ಮಾರ್ಚ್ 12ರಂದು ಸತ್ತವರ ನೆನಪಿಗೆ ಪ್ರಾರ್ಥನಾ ದಿನ ಗೊತ್ತುಮಾಡಿದರು. ಕೊಲೆನ್ಸೊ ಪೀಟರ್‌ಮಾರಿಟ್ಜ್‌ಬರ್ಗಿನ ತಮ್ಮ ಚರ್ಚಿನಲ್ಲಿ ಉಪದೇಶಕ್ಕೆ ನಿಂತರು. ಆರಿಸಿಕೊಂಡದ್ದು ಮೀಕ ಪ್ರವಾದಿಯ ವಾಕ್ಯ: ನ್ಯಾಯವನ್ನು ನಡೆಸು, ಕರುಣೆಯನ್ನು ಪ್ರೀತಿಸು, ದೇವರ ಮುಂದೆ ತಗ್ಗಿ ನಡೆ. ಆಮೇಲೆ ಕೇಳುಗರನ್ನೇ ಕೇಳಿದರು, ಈ ಯುದ್ಧದಲ್ಲಿ ನಾವು ನ್ಯಾಯ ನಡೆಸಿದೆವಾ, ಕರುಣೆ ತೋರಿಸಿದೆವಾ ಅಂತ. ತಮ್ಮವರು ಸತ್ತ ದುಃಖವನ್ನು ಹೇಳಿದಷ್ಟೇ ಗಟ್ಟಿಯಾಗಿ, ಸಾವಿರಗಟ್ಟಲೆ ಸತ್ತ ಜುಲು ಜನರ ತಂದೆತಾಯಿ, ಹೆಂಡತಿ ಮಕ್ಕಳ ದುಃಖವನ್ನೂ ಹೇಳಿದರು. ಎದುರಿಗೆ ಕೂತಿದ್ದವರಲ್ಲಿ ಎಷ್ಟು ಮನೆಯಲ್ಲಿ ಸೂತಕ ಇತ್ತೋ, ಯೋಚನೆ ಮಾಡಿ!

ಯುದ್ಧ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. ಸೆರೆಯಾಗಿ ಕೇಪ್‌ಟೌನಿನಲ್ಲಿದ್ದ ಜುಲು ರಾಜ ಸೆಟ್ಷ್ವಾಯೊ ಅವರನ್ನು 1880ರಲ್ಲಿ ಹೋಗಿ ಕಂಡು ಬಂದರು. ಸರ್ಕಾರದ ವರದಿಗಳನ್ನು ಒಂದು ಕಡೆ, ಜುಲು ಸಾಕ್ಷಿಗಳ ಮಾತನ್ನು ಇನ್ನೊಂದು ಕಡೆ ಇಟ್ಟು, ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಅಂತ ಗುರುತು ಹಾಕಿ ಅಚ್ಚು ಹಾಕಿಸುತ್ತಾ ಹೋದರು. ಹಿರಿಯ ಮಗಳು ಹ್ಯಾರಿಯೆಟ್ ಪಕ್ಕದಲ್ಲೇ ಕೂತು ಬರೆದುಕೊಡುತ್ತಿದ್ದರು. 1883ರ ಜೂನ್ 20ರಂದು ಕೊಲೆನ್ಸೊ ತೀರಿಕೊಂಡರು. ಬಹಿಷ್ಕಾರ ಹಾಕಿಸಿಕೊಂಡಿದ್ದ ಅದೇ ಪೀಟರ್‌ಮಾರಿಟ್ಜ್‌ಬರ್ಗಿನ ಚರ್ಚಿನಲ್ಲಿ, ಬಲಿಪೀಠದ ಎದುರಿಗೆ ಅವರ ಸಮಾಧಿ ಇದೆ. ಮರುವರ್ಷ ಹುಲ್ಲುಗಾವಲಿನ ಬೆಂಕಿ ಹಬ್ಬಿ ಎಕುಖನ್ಯೇನಿಯ ಮನೆ ಸುಟ್ಟುಹೋಯಿತು. ಸೆಟ್ಷ್ವಾಯೊ ಮಗ ಡಿನುಜುಲು ಪರವಾಗಿ ಹ್ಯಾರಿಯೆಟ್ ಮುಂದೆ ಎಷ್ಟೋ ವರ್ಷ ಹೋರಾಡಿದರು, 1932ರವರೆಗೆ ಬದುಕಿದ್ದರು. ಮಗೇಮಾ ಫುಜೆ 1922ರಲ್ಲಿ ತಮ್ಮ ಜನರ ಚರಿತ್ರೆಯನ್ನು ಜುಲುವಿನಲ್ಲೇ ಬರೆದು ಪ್ರಕಟಿಸಿದರು. ಜುಲು ಲೇಖಕರೊಬ್ಬರು ಜುಲುವಿನಲ್ಲಿ ಬರೆದ ಮೊದಲ ಪುಸ್ತಕ ಅಂತ ಅದಕ್ಕೆ ಹೆಸರು. ಅಕ್ಷರ ಜೋಡಿಸುವುದನ್ನು ಅವರು ಕಲಿತದ್ದು ಸೊಬಾಂಟು ಅವರ ಮುದ್ರಣದ ಮನೆಯಲ್ಲಿ.

ಇನ್ನು ನಿಮ್ಮ ಪುಸ್ತಕ. ಹರಿದ ಪುಟದಲ್ಲಿ ‘ನೇಟಾಲಿನ ಬಿಷಪ್’ ಅಂತ ಇದ್ದರೆ ಅದು 1853ಕ್ಕಿಂತ ಆಮೇಲಿನ ಮುದ್ರಣ. ಅದಕ್ಕೂ ಹಳೇ ಪ್ರತಿಗಳಲ್ಲಿ ಆ ಪದವಿ ಇರಲು ಸಾಧ್ಯವಿಲ್ಲ. ಹಿಂದಿನ ಪುಟದಲ್ಲೋ ಕೊನೆಯಲ್ಲೋ ಮುದ್ರಣದ ವರ್ಷ ಇದೆಯಾ ನೋಡಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಆ ಅಂಟು ಕಾಗದವನ್ನು ಹಳದಿ ಮಾಡಿ ತಿಂದುಹಾಕುತ್ತದೆ. ಮೆತ್ತಗೆ ಬ್ರಷ್ಷಿನಿಂದ ಧೂಳು ಒರೆಸಿ, ಒಣಗಿದ ಜಾಗದಲ್ಲಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅದಕ್ಕೂ ಮೊದಲು ಅಂಚುಗಳಲ್ಲಿ ಪೆನ್ಸಿಲಿನ ಗುರುತು ಇದೆಯಾ ಅಂತ ಒಂದೊಂದೇ ಪುಟ ತಿರುಗಿಸಿ ನೋಡಿ. ನಿಮ್ಮ ಮುತ್ತಜ್ಜ ತಾಳೆ ನೋಡಿದ ಯಾವುದಾದರೂ ಲೆಕ್ಕ ಸಿಕ್ಕರೆ ಫೋಟೋ ತೆಗೆದು ನನಗೂ ಕಳಿಸಿ.